ಭಾವನ ಅರ ಹತ್ತದ ಬೀಗ

ನಮ್ಮ ಭಾವ ಬೀದಿಯ ತಿರುವಿನಲ್ಲಿ ಕಂಡರೆ ನನ್ನ ಹೆಂಡತಿ ಮೊದಲು ಓಡುವುದು ನೀರಿನ ಚೊಂಬಿಗಲ್ಲ. ಈಳಿಗೆ ಮಣೆಯನ್ನು ಬಚ್ಚಿಡಲಿಕ್ಕೆ! ಬರುತ್ತಿರುವವರು ಅವಳ ಒಡಹುಟ್ಟಿದ ಅಣ್ಣ. ಕಳ್ಳರಲ್ಲ, ಕುಡುಕರಲ್ಲ. ಇಡೀ ಕಂಬಂ ಕಣಿವೆಯಲ್ಲಿ ಅವರಷ್ಟು ಒಳ್ಳೆಯವರು ಇಲ್ಲವೆಂದು ಅವಳೇ ದಿನಕ್ಕೊಮ್ಮೆ ನನಗೆ ಕೇಳಿಸುತ್ತಾಳೆ. ಕೇಳಿಸುವಾಗ ನನ್ನ ಮೇಲೆ ಒಂದು ನೋಟವನ್ನೂ ಬಿಡುತ್ತಾಳೆ. ಆದರೂ ಈಳಿಗೆ ಮಾತ್ರ ಅಕ್ಕಿ ಮೂಟೆಯ ಹಿಂದೆ.

ಕಾರಣ ಭಾವನ ಸೊಂಟದಲ್ಲಿದೆ. ಬೇರೆಯವರು ಎಲೆಯಡಿಕೆ ಚೀಲ ಸಿಕ್ಕಿಸುವ ಜಾಗದಲ್ಲಿ ಅವರು ಒಂದು ಅರ ಸಿಕ್ಕಿಸಿಕೊಂಡಿರುತ್ತಾರೆ. ಹೌದು ಸ್ವಾಮಿ, ಕಮ್ಮಾರರು ಕಬ್ಬಿಣ ಉಜ್ಜಿ ಸವೆಸುವ ಅದೇ ಗರಗರ ಅರ! ಯಾರ ಮನೆಗೆ ಹೋದರೂ, ಕೂತ ತಕ್ಷಣ, ಕೈಗೆಟುಕಿದ ಕಬ್ಬಿಣವನ್ನು ಅದರಿಂದ ಒಮ್ಮೆ ಉಜ್ಜಿ ನೋಡುತ್ತಾರೆ. ಅರದ ಹಲ್ಲು ಕಚ್ಚಿ ಪುಡಿ ಉದುರಿತೋ, ಆ ಕಬ್ಬಿಣ ಮೆತ್ತಗೆ. ಅದನ್ನು ಇಟ್ಟುಕೊಂಡ ಮನೆಯವರೂ ಮೆತ್ತಗೆ. ಅರ ಕಚ್ಚದೆ, ಒದ್ದೆ ಬಂಡೆಯ ಮೇಲೆ ಕಾಲು ಜಾರಿದ ಹಾಗೆ ಜಾರಿಹೋಯಿತೋ, ಅದು ಗಟ್ಟಿ ಉಕ್ಕು. ಆಗ ಭಾವನ ಮುಖ ಅರಳುತ್ತದೆ. "ಅರ ಹತ್ತಲ್ಲ!" ಎನ್ನುತ್ತಾರೆ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮನುಷ್ಯರನ್ನು ಅಳೆಯುವುದೂ ಅದರಿಂದಲೇ. ಸಾಕ್ಷಿ ಹೇಳಲು ಹೋಗಿ ಎದುರುಪಕ್ಷದವರ ಬೆದರಿಕೆಗೆ ಬಗ್ಗದವನು ಅರ ಹತ್ತದವನು. ಜಗಳದಲ್ಲಿ ಎರಡೇ ಮಾತಿಗೆ ರಾಜಿಯಾದವನು ಪುಡಿ.

ಒಮ್ಮೆ ಧೈರ್ಯ ಮಾಡಿ ನನ್ನ ವಿಷಯ ಕೇಳಿದೆ. ತಂಗಿಯ ಗಂಡನನ್ನು ನಮ್ಮ ಕಡೆ ತಮಿಳರ ಹಾಗೆ ಮಾಪ್ಳೆ ಎಂದು ಬಹಳ ಮರ್ಯಾದೆಯಿಂದ ಕರೆಯುತ್ತೇವೆ. ಭಾವ ಅದೇ ಮರ್ಯಾದೆಯಿಂದಲೇ ಹೇಳಿದರು:

"ನಿಮ್ಮನ್ನ ಉಜ್ಜೋಕೆ ಅರ ಯಾಕೆ ಮಾಪ್ಳೆ? ತೆಂಗಿನ ನಾರು ಸಾಕು."

ನಾನು ಅಲ್ಲಗಳೆಯಲಿಲ್ಲ. ಚಿಂತೆ ಮಾಡುವುದು ನನಗೆ ಬೇಸಾಯಕ್ಕಿಂತ ಚೆನ್ನಾಗಿ ಬರುವ ಕೆಲಸ. ಮಳೆ ಬಾರದಿದ್ದರೆ ಬರಲಿಲ್ಲವೆಂದು ಚಿಂತೆ, ಬಂದರೆ ನಿಲ್ಲುವುದಿಲ್ಲವೇನೋ ಎಂದು ಚಿಂತೆ. ಬಿಳಿ ದೊರೆಗಳು ಮಲೆಯ ಮೇಲೆ ಅಣೆ ಕಟ್ಟಿ, ಬಂಡೆ ಕೊರೆದು, ಪಡುವಲಕ್ಕೆ ಹೋಗುವ ನೀರನ್ನು ನಮ್ಮ ಕಣಿವೆಗೆ ತಿರುಗಿಸಿದಾಗ ಊರೆಲ್ಲ ಕುಣಿದರೆ, ನಾನೊಬ್ಬ ಮಾತ್ರ ಆ ನೀರು ದಾರಿ ತಪ್ಪಿ ನಮ್ಮ ಹಿತ್ತಲಿಗೆ ಬಂದರೆ ಗತಿಯೇನೆಂದು ಕೊಟ್ಟಿಗೆಯ ಹೊಸ್ತಿಲು ಎತ್ತರಿಸಿದೆ!

ಭಾವನ ಅರದಿಂದ ನನ್ನ ಚಿಂತೆಗಳಿಗೆ ಎಂದೂ ಬರ ಬರಲಿಲ್ಲ. ಒಮ್ಮೆ ಉತ್ತಮಪಾಳ್ಯದ ಚಾವಡಿಯ ಮುಂದೆ ಪೊಲೀಸಿನವನೊಬ್ಬ, ಕೋಳಿ ಕದ್ದವನಿಗೆ ಬೇಡಿ ಹಾಕಿ ನೆರಳಲ್ಲಿ ಕೂರಿಸಿದ್ದ. ಭಾವ ಹತ್ತಿರ ಹೋದವರೇ ಅರ ತೆಗೆದು ಬೇಡಿಯ ಮೇಲೆ ಗರ್ರೆನಿಸಿದರು. ಪುಡಿ ಉದುರಿತು. ಪೊಲೀಸಿನವನು ಲಾಠಿ ಎತ್ತಿದ. ನಾನು ಆಗಲೇ ಜೈಲಿನ ಗಂಜಿ ಕುಡಿಯುವ ಲೆಕ್ಕದಲ್ಲಿದ್ದೆ. ಭಾವ ಮಾತ್ರ ಕಳ್ಳನ ಕಡೆ ತಿರುಗಿ, ಗೌರವದಿಂದ ಹೇಳಿದರು:

"ಏನಪ್ಪಾ, ನೀನು ಬಲೇ ಮರ್ಯಾದಸ್ಥ! ಇದು ಬೇಡಿ ಅಲ್ಲ, ಬೆಣ್ಣೆ. ಮನಸ್ಸು ಮಾಡಿದ್ರೆ ಇಷ್ಟೊತ್ತಿಗೆ ಮನೇಲಿ ಇರ್ತಿದ್ದೆ."

ಕಳ್ಳ ನಾಚಿಕೊಂಡ. ಪೊಲೀಸಿನವನು ಲಾಠಿ ಇಳಿಸಿ, ಬೇಡಿಯನ್ನು ತಾನೇ ಒಮ್ಮೆ ಅದುಮಿ ನೋಡಿ, ಕಳ್ಳನಿಗೆ ಇನ್ನೂ ಸ್ವಲ್ಪ ಹತ್ತಿರ ಸರಿದು ಕೂತ.

ಈ ಹುಚ್ಚು ಹತ್ತಿದ್ದು ಆ ಮಲೆಯ ಮೇಲೆಯೇ. ಸುರಂಗದ ಕೆಲಸ ನಡೆಯುವಾಗ ಭಾವನ ಗಾಡಿ ಅಕ್ಕಿ ಮೂಟೆ ಹೊತ್ತು ಮೇಲಕ್ಕೆ ಹೋಗುತ್ತಿತ್ತು. ಅಲ್ಲಿ ಬಂಡೆ ಕೊರೆಯುವ ಉಕ್ಕಿನ ಸರಳುಗಳು ದಿನವೂ ಮೊಂಡಾಗುತ್ತಿದ್ದವು. ಅವನ್ನು ಮತ್ತೆ ಚೂಪು ಮಾಡಿ ಗಟ್ಟಿ ಮಾಡಲು ಬಿಳಿಯ ಕಮ್ಮಾರನೊಬ್ಬನಿದ್ದ. ಭಾವ ಒಂದು ದಿನ ಅವನ ಕುಲುಮೆಯ ಮುಂದೆ ನಿಂತರು. ಸರಳು ಮುಳುಗುವ ಸೂರ್ಯನ ಹಾಗೆ ಕೆಂಪಾಯಿತು. ಕಮ್ಮಾರ ಅದನ್ನು ಎತ್ತಿ ನೀರಿಗೆ ಅದ್ದಿದ. ಚೊಂಯ್! ಹೊರತೆಗೆದು ಅರ ಆಡಿಸಿದರೆ ಜಾರಿಹೋಯಿತು. ಭಾವನಿಗೆ ಮೈ ಜುಮ್ಮೆಂದಿತು. ಅಷ್ಟರಲ್ಲಿ ಅವರ ಎತ್ತುಗಳು ಬಾಯಾರಿ ಕೂಗಿದವು. ಉಕ್ಕು ನೀರು ಕುಡಿದದ್ದನ್ನು ನೋಡಿ ಸಂತೋಷಪಟ್ಟು, ಭಾವ ಎತ್ತುಗಳಿಗೆ ನೀರು ಕುಡಿಸಲು ಹಳ್ಳಕ್ಕೆ ಹೋದರು.

ಕೆಟ್ಟದ್ದೇ ಅಲ್ಲಿ! ಅವರು ಹಳ್ಳದಲ್ಲಿದ್ದಾಗ ಬಿಳಿಯ ಕಮ್ಮಾರ ಉಳಿದ ಅರ್ಧ ಕೆಲಸ ಮಾಡಿ ಮುಗಿಸಿದ್ದ. ನೀರಿಗೆ ಅದ್ದಿದ ಉಕ್ಕು ಗಟ್ಟಿ ನಿಜ, ಆದರೆ ಗಾಜಿನ ಹಾಗೆ ಸಿಡಿಯುತ್ತದೆ. ಅದನ್ನು ಮತ್ತೊಮ್ಮೆ ಸಣ್ಣ ಬಿಸಿಯಲ್ಲಿ, ನಿಧಾನವಾಗಿ ಕಾಯಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಮೈಮೇಲೆ ಆಗ ಬಣ್ಣಗಳು ಓಡುತ್ತವೆ: ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನವಿಲಿನ ಕುತ್ತಿಗೆಯ ನೀಲಿ. ಬಣ್ಣ ಮುಂದೆ ಹೋದ ಹಾಗೆ ಬಿಗಿ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಬಾಗುವ ಗುಣ ಬರುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದೇ ಹದ. ಇದು ನಮ್ಮೂರಿನ ಕೋಳಿಗೂ ಗೊತ್ತು. ಗೊತ್ತಿಲ್ಲದವರು ಭಾವ ಒಬ್ಬರೇ; ಏಕೆಂದರೆ ಅವರು ಮಾತ್ರ ಕಣ್ಣಾರೆ ನೋಡಿದ್ದರು!

ಸುರಂಗದವರು ಎಸೆದ ಸರಳಿನ ತುಂಡುಗಳನ್ನು ಗಾಡಿಯಲ್ಲಿ ತುಂಬಿಕೊಂಡು ಬಂದರು. ನಮ್ಮೂರ ಕಮ್ಮಾರ ತಮಿಳವನು, ಆಸಾರಿ ಎಂದು ಎಲ್ಲರೂ ಕರೆಯುವುದು. ಬಾಯಿ ಅವನ ತಿದಿಗಿಂತ ಜೋರು. ಅವನ ಕುಲುಮೆಯನ್ನೇ ಭಾವ ತಮ್ಮ ಅಡುಗೆಮನೆ ಮಾಡಿಕೊಂಡರು.

"ಗೌಡ್ರೇ, ಅದ್ದಿದ್ದು ಸರಿ. ಇನ್ನೊಂದು ಸಲ ಲೇಸಾಗಿ, ಸಣ್ಣ ಬಿಸೀಲಿ ಕಾಸಿ," ಎಂದು ಆಸಾರಿ ಹೇಳುವನು.

"ಯಾಕ್ಲಾ ಕಾಸಬೇಕು? ಗಟ್ಟಿ ಆಯ್ತಲ್ಲ!"

"ಅತಿಗಟ್ಟಿ ಆಯ್ತು. ಕೊಂಚ ಇಳಿಸಬೇಕು."

"ಏರಿಸಿದ್ದನ್ನ ಇಳಿಸೋದಾ? ಏನು, ಇದು ನಿನ್ನ ಮಾತಾ? ಬೆಳಗ್ಗೆ ಒಂದು, ಸಾಯಂಕಾಲ ಒಂದು?"

"ಐಯೋ ಮುರುಗಾ! ಒಡೆದ್ರೆ ನನ್ನ ಹತ್ರ ಬರಬೇಡಿ. ಇದ್ದಿಲು ಕರಿಯೆಲ್ಲ ಕಾಲಿ ಮಾಡ್ಬುಟ್ಟು, ಮಾತು ಬೇರೆ!"

ಒಡೆಯದೆ ಇರುತ್ತದೆಯೇ? ಭಾವ ತಂಗಿಗೆಂದು ಮೊದಲು ಮಾಡಿಕೊಟ್ಟದ್ದು ಒಂದು ಈಳಿಗೆ. "ಜನ್ಮದಲ್ಲಿ ಮೊಂಡಾಗಲ್ಲ ತಂಗಿ," ಎಂದು ಮಾತು ಕೊಟ್ಟರು. ಮೊಂಡಾಗಲೂ ಇಲ್ಲ, ಅಷ್ಟು ದಿನ ಬದುಕಿದ್ದರಲ್ಲವೇ ಮೊಂಡಾಗುವುದು! ಮೊದಲ ಕುಂಬಳಕಾಯಿಗೆ ಢಮ್ಮೆಂದು ಮುರಿದು, ತುದಿ ಹಾರಿಹೋಯಿತು. ಮನೆಯೆಲ್ಲ ಹುಡುಕಿದೆವು, ಸಿಗಲಿಲ್ಲ. ಆ ದಿನದ ಹುಳಿಯನ್ನು ನಾನು ಬೆರಳಲ್ಲಿ ತಡವಿ ತಡವಿ ಉಂಡೆ. ಭಾವ ಪಕ್ಕದಲ್ಲೇ ಕೂತು ಎರಡು ಸಲ ಬಡಿಸಿಕೊಂಡು ಉಂಡು, ಎದ್ದು, ಕುಂಬಳಕಾಯಿಯ ಉಳಿದ ಅರ್ಧವನ್ನು ಅರದಿಂದ ಉಜ್ಜಿ ನೋಡಿ, "ಕಾಯಿ ಬಲಿತಿತ್ತು," ಎಂದು ತೀರ್ಪು ಕೊಟ್ಟರು.

ಆಮೇಲೆ ತಪ್ಪು ನೀರಿನದಿರಬೇಕೆಂದು ಅವರಿಗೆ ಹೊಳೆಯಿತು. ಸುರುಳಿ ಅಬ್ಬಿಯಿಂದ ಕೊಡಗಳಲ್ಲಿ ನೀರು ಬಂತು. ಮಜ್ಜಿಗೆಯಲ್ಲಿ ಅದ್ದಿದರು, ಎಣ್ಣೆಯಲ್ಲಿ ಅದ್ದಿದರು. ಒಂದು ಮಧ್ಯಾಹ್ನ ನಮ್ಮ ಒಲೆಯ ಮೇಲಿದ್ದ ಹುರುಳಿಕಟ್ಟಿನ ಪಾತ್ರೆಯೇ ಮಾಯವಾಗಿ, ಸ್ವಲ್ಪ ಹೊತ್ತಿಗೆ ಹೊಗೆ ವಾಸನೆಯೊಂದಿಗೆ ವಾಪಸಾಯಿತು. ಅಂದಿನ ಸಾರು ಎಂದಿಗಿಂತ ರುಚಿಯಾಗಿತ್ತು ಎಂಬುದನ್ನು ನಾವು ಯಾರೂ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ದಿನವೂ ಬರುತ್ತಿದ್ದರು. ಆ ಸಾರಿನಲ್ಲಿ ಮುಳುಗೆದ್ದ ಕುಡುಗೋಲುಗಳು ಹೊಸ ನೀರಿನ ಮೊದಲ ಭತ್ತ ಕುಯ್ಯುವಾಗ ಬಾಚಣಿಗೆಯ ಹಾಗೆ ಹಲ್ಲುಹಲ್ಲಾಗಿ ಉದುರಿದವು. ಆಳುಗಳು ತಲೆ ಬಾಚಿಕೊಳ್ಳುವ ಆಟ ಆಡಿ ನಕ್ಕರು. ಭಾವ ನಗಲಿಲ್ಲ. ಒಡೆದರೂ ಬಗ್ಗಲಿಲ್ಲವಲ್ಲ ಎಂದು ಹೆಮ್ಮೆಪಟ್ಟರು.

ಇಂಥವರನ್ನು ಅಂಕೆಯಲ್ಲಿಡುವ ಜೀವ ಒಂದೇ ಒಂದಿತ್ತು: ನನ್ನ ಮಗಳು. ಭಾವನಿಗೆ ಮಕ್ಕಳಿಲ್ಲ, ಹೆಂಡತಿ ಬಹಳ ಹಿಂದೆಯೇ ತೀರಿಹೋದಳು. ಮನೆ ನಮ್ಮ ಎದುರಿಗೇ. ನನ್ನ ಮಗಳು ಹುಟ್ಟಿದ್ದು ನಮ್ಮ ಮನೆಯಲ್ಲಾದರೂ ಬೆಳೆದದ್ದು ಬೀದಿಯ ಆಚೆ ಬದಿಯಲ್ಲಿ. "ಮಾಮಾ, ಆ ಅರ ಇಡು ಒಳಗೆ. ನೆಂಟರು ಬಂದವ್ರೆ," ಎಂದು ಅವಳು ಒಂದು ಮಾತು ಹೇಳಿದರೆ ಸಾಕು, ಊರನ್ನೇ ಉಜ್ಜುವ ಮನುಷ್ಯ ಪೆಚ್ಚಾಗಿ ಅರವನ್ನು ಬೆನ್ನ ಹಿಂದೆ ಮಾಡುತ್ತಿದ್ದರು.

ಅವಳಿಗೆ ಬೋಡಿನಾಯಕನೂರಿನಲ್ಲಿ ಗಂಡು ಗೊತ್ತಾಯಿತು. ಏಲಕ್ಕಿ ವ್ಯಾಪಾರದ ಮನೆ. ನಮ್ಮ ಹಾಗೆಯೇ ತಲೆಮಾರುಗಳಿಂದ ಈ ತಮಿಳು ನೆಲದಲ್ಲಿ ಕನ್ನಡ ಆಡಿಕೊಂಡಿರುವವರು. ಭಾವ ಹುಡುಗನನ್ನು ನೋಡಿ ಬಂದು ಏನೂ ಹೇಳಲಿಲ್ಲ. ನನಗೆ ಚಿಂತೆ ಹತ್ತಿತು. ಸೋದರಮಾವ ಒಪ್ಪದೆ ನಮ್ಮಲ್ಲಿ ಹಂದರಕ್ಕೆ ಗುಂಡಿ ತೆಗೆಯುವ ಹಾಗಿಲ್ಲ.

"ಯಾಕೆ ಭಾವ, ಹುಡುಗ ಅರ ಹತ್ತುವವನೋ?" ಎಂದೆ.

"ಹುಡುಗ ಸರಿ. ಬೋಡಿ ದೂರ," ಎಂದರು.

"ಗಾಡಿ ಕಟ್ಟಿದರೆ ಒಂದು ದಿನದ ದಾರಿ ಭಾವ!"

"ದಾರಿ ಐತೆ ಮಾಪ್ಳೆ. ಹೋಗೋಕೆ ನೆಪ ಎಲ್ಲೈತೆ?"

ಅದೂ ನಿಜವೇ. ಹೆಣ್ಣು ಕೊಟ್ಟ ಮನೆಗೆ ಕಾರಣವಿಲ್ಲದೆ ಹೋಗಿ ಜಗಲಿಯ ಮೇಲೆ ಕೂರುವುದು ನಮ್ಮಲ್ಲಿ ನಾಚಿಕೆಗೇಡು. ಹಬ್ಬಕ್ಕೆ ಕರೆಯಲು ಹೋಗಬಹುದು, ಬಾಣಂತನಕ್ಕೆ ಕರೆತರಲು ಹೋಗಬಹುದು. "ಸುಮ್ಮನೆ ನೋಡಿ ಹೋಗೋಣ ಅಂತ ಬಂದೆ" ಎಂದರೆ, ಹುಡುಗಿಯನ್ನು ನಂಬಿ ಕೊಟ್ಟಿಲ್ಲವೆಂದು ಬೀಗರು ಮುಖ ಊದಿಸುತ್ತಾರೆ. ಆದರೆ ಅಂದು ನಾನು ಅದನ್ನೆಲ್ಲ ಯೋಚಿಸಲಿಲ್ಲ. ನನಗೆ ಹಂದರದ ಚಿಂತೆ, ಅಕ್ಕಿಯ ಚಿಂತೆ. ಎಲ್ಲಕ್ಕಿಂತ ಮೇಲೆ ತಾಳಿಪೆಟ್ಟಿಗೆಯ ಚಿಂತೆ.

ತಾಳಿ ತರುವುದು ಗಂಡಿನ ಕಡೆಯವರಾದರೂ, ಹಿಂದಿನ ಸಂಜೆ ಅವರು ಬಂದ ಗಳಿಗೆಯಿಂದ ಮುಹೂರ್ತದ ತನಕ ಅದನ್ನು ಕಾಯುವ ಹಕ್ಕು ನಮ್ಮ ಮನೆತನಗಳಲ್ಲಿ ಹುಡುಗಿಯ ಸೋದರಮಾವನದು. ಅದಕ್ಕೆಂದೇ ಅತ್ತೆಯ ಕಾಲದ ಹಲಸಿನ ಮರದ ಪೆಟ್ಟಿಗೆಯೊಂದಿದೆ. ಅದರ ಹಳೆಯ ಬೀಗ ತುಕ್ಕು ಹಿಡಿದಿತ್ತು.

"ದಿಂಡಿಗಲ್ಲಿಗೆ ಹೋಗುವ ಗಾಡಿಯವರ ಕೈಲಿ ಹೇಳಿ ಒಂದು ಬೀಗ ತರಿಸ್ತೀನಿ," ಎಂದೆ.

ಭಾವ ನನ್ನನ್ನು ನೋಡಿದ ನೋಟದಲ್ಲಿ ತೆಂಗಿನ ನಾರೂ ದಂಡವೆಂಬ ಭಾವನೆಯಿತ್ತು.

"ನಾನಿರೋವಾಗ ಸಂತೆ ಪೂಟಾ? ನನ್ನ ಹುಡುಗಿ ತಾಳಿಗೆ ಪೂಟು ನಾನೇ ಮಾಡ್ತೀನಿ. ಭೂಮಿ ಮೇಲೆ ಯಾವ ಅರಾನೂ ಹತ್ತಬಾರದು!"

ಪೂಟು ಎಂದರೆ ಬೀಗವೇ. ಬೀಗವೆಂದಿದ್ದರೂ ನನ್ನ ಎದೆ ಅಷ್ಟೇ ಧಸಕ್ಕೆನ್ನುತ್ತಿತ್ತು.

ಕಡೆಯ, ಎಲ್ಲಕ್ಕಿಂತ ಒಳ್ಳೆಯ ಸುರಂಗದ ಸರಳನ್ನು ಅವರು ಅದಕ್ಕೆಂದೇ ಉಳಿಸಿದ್ದರಂತೆ. ಕೊಂಡಿಯೂ ಅದರದೇ, ಕೀಲಿ ತಿರುಗಿದಾಗ ಬಾಗಿ ಮತ್ತೆ ನೆಟ್ಟಗಾಗಬೇಕಾದ ಒಳಗಿನ ತೆಳ್ಳನೆಯ ಪಟ್ಟಿಯೂ ಅದರದೇ. ಎರಡನ್ನೂ ಕೆಂಪಗೆ ಕಾಯಿಸಿ ಅದ್ದಿದರು. ಆಸಾರಿ ಕೈಮುಗಿದು ಬೇಡಿದನಂತೆ: "ಪಟ್ಟಿನಾದ್ರೂ ನೀಲಿ ಬರೋ ತನಕ ಕಾಸಿ ಗೌಡ್ರೇ, ಮದುವೆ ಮನೆ ಪೂಟು!" ಭಾವ ಒಪ್ಪಲಿಲ್ಲ. ಹುಡುಗಿಯ ತಾಳಿಯ ವಿಷಯದಲ್ಲಿ ಬಿಗಿ ಇಳಿಸುವುದೇ?

ಬೀಗ ನೋಡಲಿಕ್ಕೆ ಬಹಳ ಚೆನ್ನಾಗಿತ್ತು ಎಂದು ಒಪ್ಪಲೇಬೇಕು. ಹಿಂದಿನ ಸಂಜೆ ಬೀಗರು ಬಂದರು, ತಾಳಿ ಪೆಟ್ಟಿಗೆಗೆ ಹೋಯಿತು, ಬೀಗ ಕ್ಲಿಕ್ಕೆಂದಿತು. ಹುಡುಗನ ಅಪ್ಪ ಕುತೂಹಲಕ್ಕೆ ಎಳೆದು ನೋಡಿ, "ಭೇಷ್," ಎಂದರು. ಭಾವ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಪೆಟ್ಟಿಗೆಯ ಪಕ್ಕದಲ್ಲೇ ಮಲಗಿದರು.

ಬೆಳಗ್ಗೆ ಮುಹೂರ್ತದ ಹೊತ್ತು. ಓಲಗ ಜೋರಾಯಿತು. ಹಂದರದ ಕಂಬದ ನೆರಳು ಕುಂಕುಮದ ಗೆರೆ ಮುಟ್ಟುವುದರೊಳಗೆ ತಾಳಿ ಕಟ್ಟಬೇಕೆಂದು ಪುರೋಹಿತರು ಗೆರೆ ಎಳೆದು ಕೂತಿದ್ದರು. ಭಾವ ಪೆಟ್ಟಿಗೆಯನ್ನು ಎಲ್ಲರ ಮುಂದೆ ತಂದಿಟ್ಟು, ಗಂಭೀರವಾಗಿ ಕೀಲಿ ಹಾಕಿ ತಿರುಗಿಸಿದರು.

ಬೀಗದೊಳಗೆ ಏನೋ ಟಿಕ್ ಎಂದಿತು. ಆ ಸದ್ದನ್ನು ಓಲಗದ ನಡುವೆಯೂ ನಾನು ಕೇಳಿದೆ. ಕೆಟ್ಟ ಸದ್ದುಗಳಿಗೆ ನನ್ನ ಕಿವಿ ಯಾವಾಗಲೂ ತೆರೆದೇ ಇರುತ್ತದೆ. ಕೀಲಿ ಗಿರಗಿರನೆ ತಿರುಗತೊಡಗಿತು, ಹಿಡಿತವೇ ಇಲ್ಲ. ಪಟ್ಟಿ ಮುರಿದಿತ್ತು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಒಬ್ಬರು ಎಳೆದರು, ಒಬ್ಬರು ಎಣ್ಣೆ ಬಿಟ್ಟರು. ಯಾರೋ ಪೆಟ್ಟಿಗೆ ಒಡೆಯೋಣವೆಂದರು; "ತಾಳಿಪೆಟ್ಟಿಗೆ ಒಡೆಯೋದಾ? ಬಾಯಿಗೆ ಮಣ್ಣು ಹಾಕ!" ಎಂದು ಹೆಂಗಸರು ಏಕಕಂಠದಲ್ಲಿ ಎದ್ದರು. ಕೊಂಡಿ ಕೊಯ್ಯೋಣವೆಂದು ಹುಡುಗನ ಅಪ್ಪ ಭಾವನ ಸೊಂಟದ ಅರವನ್ನೇ ಕೇಳಿದರು. ಭಾವ ತಾವೇ ಕೂತು ಉಜ್ಜಿದರು. ಅರ ಸುಯ್ಯೆಂದು ಜಾರಿತು. ಮತ್ತೆ ಉಜ್ಜಿದರು, ಮತ್ತೆ ಜಾರಿತು. ಭಾವ ತಲೆ ಎತ್ತಿದರು. ಅಷ್ಟು ಜನರ ನಡುವೆ ಸಂತೋಷದಿಂದ ಹೊಳೆಯುತ್ತಿದ್ದ ಮುಖ ಅದೊಂದೇ!

"ನೋಡಿದ್ರಾ? ಅರ ಹತ್ತಲ್ಲ!"

"ಏನು ಸಂಬಂಧಿ," ಹುಡುಗನ ಅಪ್ಪ ನನ್ನ ಕಡೆ ತಿರುಗಿದರು, "ಹೆಣ್ಣು ಕೊಡೋ ಮನಸ್ಸಿಲ್ಲ ಅಂತ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ? ಇಷ್ಟು ದೊಡ್ಡ ಪೂಟು ಯಾಕೆ?"

ನೆರಳು ಗೆರೆಯ ಹತ್ತಿರ ಹತ್ತಿರ ಬಂತು. ಜೀವಮಾನವಿಡೀ ಅಭ್ಯಾಸ ಮಾಡಿದ ಚಿಂತೆಯೂ ಸಮಯಕ್ಕೆ ಕೈಕೊಟ್ಟಿತು. ಇಂಥದೊಂದು ಆಗಬಹುದೆಂದು ನಾನು ಕೂಡ ಎಣಿಸಿರಲಿಲ್ಲ! ಆಗ ಊಟಕ್ಕೆಂದು ಬಂದಿದ್ದ ಆಸಾರಿ ಮೂಲೆಯಿಂದಲೇ ಕೂಗಿದ:

"ಗೌಡ್ರೇ! ಸುತ್ತಿಗೇಲಿ ಒಂದೇ ಅಡಿ, ಒಂದೇ ಏಟು. ಗಾಜು ಅದು. ನಾನೇ ಹಾಕಲಾ?"

ಭಾವ ಬೀಗವನ್ನು ಅಂಗೈಯಲ್ಲಿ ಮುಚ್ಚಿ ಕೂತರು. ಹೊಡೆದರೆ ಒಡೆಯುತ್ತದೆಂದು ಅವರಿಗೆ ಗೊತ್ತಿತ್ತು. ಮುಖ ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಈಳಿಗೆ, ಕುಡುಗೋಲು ಎಲ್ಲ ಒಡೆದ ದಿನವೇ ಗೊತ್ತಾಗಿತ್ತೇನೋ. ಗೊತ್ತಿದ್ದೂ ಊರೆದುರಿಗೆ ಇಳಿಯದೆ ನಿಂತಿದ್ದರು. ಈಗ ಇಳಿಯಬೇಕು, ಅದೂ ಆಸಾರಿಯ ಮಾತಿಗೆ, ಬೀಗರ ಕಣ್ಣೆದುರಿಗೆ.

ಬೆಳಗಿನಿಂದ ಉಪವಾಸವಿದ್ದ ಮದುಮಗಳು ಬಾಸಿಂಗದ ಅಡಿಯಿಂದಲೇ ಕರೆದಳು:

"ಮಾಮಾ."

"ಏನವ್ವಾ?"

"ಒಂದೇಟು ಹಾಕು ಮಾಮಾ. ನಂಗೆ ಹೊಟ್ಟೆ ಹಸಿತೈತೆ."

ಭಾವ ಕೈ ಚಾಚಿದರು. ಆಸಾರಿ ಹಂದರದ ಗೂಟ ಹೊಡೆದ ಸುತ್ತಿಗೆಯನ್ನು ತಂದುಕೊಟ್ಟ. ಟಣ್! ಕೊಂಡಿ ಒಡೆದು ಹರಳುಹರಳಾಗಿ ನೆಲದ ಮೇಲೆ ಹರಡಿತು. ತಾಳಿ ಕೈಯಿಂದ ಕೈಗೆ ಓಡಿತು, ಓಲಗ ಕಿರುಚಿತು, ನೆರಳು ಗೆರೆ ಮುಟ್ಟುವಷ್ಟರಲ್ಲಿ ಮೂರನೆಯ ಗಂಟೂ ಬಿತ್ತು. ಎಲ್ಲರೂ ಅಕ್ಷತೆ ಹಾಕುತ್ತಿದ್ದಾಗ ಭಾವ ಬಗ್ಗಿ, ಮಕ್ಕಳ ಕಾಲಿಗೆ ಚುಚ್ಚೀತೆಂದು, ಒಡೆದ ಉಕ್ಕನ್ನು ಒಂದೊಂದಾಗಿ ಆರಿಸಿ ಶಲ್ಯದಲ್ಲಿ ಕಟ್ಟಿಕೊಳ್ಳುತ್ತಿದ್ದರು.

ಮಗಳು ಬೋಡಿಗೆ ಹೋದಳು. ಭಾವ ಕುಲುಮೆಯ ಕಡೆ ಸುಳಿಯಲಿಲ್ಲ. ನಮ್ಮ ಮನೆಗೆ ಬಂದರೆ ಕಬ್ಬಿಣ ಎದುರಿಗಿದ್ದರೂ ಕೈ ಸೊಂಟಕ್ಕೆ ಹೋಗದು. ನನ್ನ ಹೆಂಡತಿ ಈಳಿಗೆಯನ್ನು ಬೇಕೆಂದೇ ಅವರ ಮುಂದೆ ಇಟ್ಟು ನೋಡಿದಳು. ಅವರು ಅದನ್ನು ಸರಿಸಿ ನೀರು ಕುಡಿದರು. ಅವಳು ಒಳಗೆ ಹೋಗಿ ಅತ್ತಳು. ಉಜ್ಜಿದರೂ ಚಿಂತೆ, ಉಜ್ಜದಿದ್ದರೂ ಚಿಂತೆ!

ಹೀಗಿರುವಾಗ ಒಂದು ಬೆಳಗ್ಗೆ ಕುಲುಮೆಯಿಂದ ಹೊಗೆಯೂ ಆಸಾರಿಯ ಬೈಗುಳವೂ ಒಟ್ಟಿಗೆ ಎದ್ದವು. ಓಡಿದೆ. ಭಾವ ಕೆಂಡದ ಮೇಲೆ ಕಬ್ಬಿಣದ ತಟ್ಟೆಯಿಟ್ಟು, ಮರಳು ಹರಡಿ, ಅದರ ಮೇಲೆ ಬೆಳ್ಳಗೆ ಉಜ್ಜಿದ ಒಂದು ಈಳಿಗೆಯನ್ನು ಮಲಗಿಸಿ, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಮೂಗು ಮುಂದೆ ಮಾಡಿ ಕೂತಿದ್ದರು.

"ಬೋಡೀಲಿರೋ ಮಗೂಗೆ," ಎಂದರು.

ಭಾವ ಬಿಗಿ ಇಳಿಸುತ್ತಿದ್ದಾರೆ! ನಾನೂ ಪಕ್ಕದಲ್ಲಿ ಕೂತೆ. ಉಕ್ಕಿನ ಮೇಲೆ ಹುಲ್ಲಿನ ಹಳದಿ ಹರಿಯಿತು.

"ಪೋದುಂ, ಸಾಕು ಗೌಡ್ರೇ, ತೆಗೀರಿ! ಈಳಿಗೆಗೆ ಇದೇ ಹದ," ಎಂದು ಆಸಾರಿ ಕೂಗಿದ.

ಭಾವ ತೆಗೆಯಲಿಲ್ಲ. ಕಂದು ಬಂತು. ನೇರಳೆ ಬಂತು. ಆಸಾರಿ ತಲೆ ಚಚ್ಚಿಕೊಂಡ: "ಅಷ್ಟು ದಿನ ಇಳಿಸಲ್ಲ ಅಂದ್ರು, ಈಗ ನಿಲ್ಲಿಸಲ್ಲ ಅಂತಾರೆ!"

ನನಗೂ ತಡೆಯಲಿಲ್ಲ. "ಭಾವ, ತೆಗೆಯಿರಿ. ಇನ್ನೂ ಕಾದರೆ ಮೆತ್ತಗಾಗ್ತದೆ. ಆರು ತಿಂಗಳಿಗೆ ಮೊಂಡಾಗಿ ಕೂರ್ತದೆ."

"ಆರು ತಿಂಗಳಾ?" ಭಾವ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಹೊಗೆಯೋ ಏನೋ, ನೀರಿತ್ತು. "ಅದು ಬಲೇ ದೂರ ಮಾಪ್ಳೆ. ತಿಂಗಳಿಗೊಂದು ಸಲ ಮೊಂಡಾಗಬೇಕು. ಮೊಂಡಾಗದಿದ್ರೆ, ಸಾಣೆ ಹಿಡಿಯೋಕೆ ಬಂದೆ ಅಂತ ನಾನು ಬೋಡಿಗೆ ಹೋಗೋದು ಹೆಂಗೆ?"

ಉಕ್ಕಿನ ಮೇಲೆ ನವಿಲಿನ ನೀಲಿ ಮೂಡತೊಡಗಿತು. ಸಾಣೆಕಲ್ಲು ಭಾರವಿರುತ್ತದೆ, ವಯಸ್ಸಾದವರು, ಒಬ್ಬರೇ ಹೊತ್ತುಕೊಂಡು ಹೋಗುವುದು ಸರಿಯಲ್ಲ, ಜೊತೆಗೆ ಒಬ್ಬರು ಬೇಕೇ ಬೇಕು ಎಂದು ನನಗೆ ಚಿಂತೆಯಾಯಿತು. ನಾನು ಎದ್ದು ತಿದಿಯ ಹಗ್ಗ ಹಿಡಿದೆ.

"ಇನ್ನೊಂಚೂರು ಕಾಯಲಿ ಭಾವ," ಎಂದೆ.